ಆಕಾಶದ ಪಹಣಿಯ ವಿಷಯವಾಗಿ ಒಂದು ಬಿನ್ನಹ

ವಾರ್ತಾ ಮತ್ತು ಪ್ರಸಾರ ಮಂತ್ರಾಲಯದ ಘನತೆವೆತ್ತ ಮಹಾಶಯರ ಸನ್ನಿಧಿಗೆ,

ಮಧುಗಿರಿಯ ಏಕಶಿಲಾ ಬೆಟ್ಟದ ನೆರಳಿನಲ್ಲಿ ವಾಸಿಸುವ ಪ್ರಜೆಯೊಬ್ಬನು ಶಿರಾ, ಕೊರಟಗೆರೆ, ಪಾವಗಡಗಳ ನೆರೆಹೊರೆಯವರನ್ನೂ ನೆನೆದು ಮಾಡುವ ಬಿನ್ನಹಗಳು.

1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ರಿಕೆಟ್ ಪಂದ್ಯದ ಪ್ರಸಾರವನ್ನು ಕುರಿತ ವ್ಯಾಜ್ಯವೊಂದನ್ನು ತೀರ್ಮಾನಿಸುತ್ತ, ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸಾರಿದಾಗ, ಒಂದು ಗುಂಟೆ ಹೊಲದ ಪಹಣಿಯನ್ನು ತಿದ್ದಿಸಿಕೊಳ್ಳಲು ಕಚೇರಿಯ ಮೆಟ್ಟಿಲು ಸವೆಸಿದ ನಮ್ಮಂಥವರಿಗೆ ಆಕಾಶದಲ್ಲಿಯೇ ಪಾಲು ದೊರೆಯಿತಲ್ಲ ಎಂದು ಆದ ಆನಂದವು ಅಷ್ಟಿಷ್ಟಲ್ಲ. ಆ ಸ್ವತ್ತಿನ ಕಿಂಚಿತ್ ಭಾಗವನ್ನು ಸಮುದಾಯ ಬಾನುಲಿಗಾಗಿ ಸಮುದಾಯಗಳಿಗೆ ಬಿಟ್ಟುಕೊಡಲು ತಮಗೆ 2006ರ ವರೆಗೆ ಕಾಲ ಹಿಡಿಯಿತೆಂಬುದನ್ನು ನಾವು ವಿಳಂಬವೆಂದು ಎಣಿಸುವುದಿಲ್ಲ. ಮಳೆಗಾಗಿಯೇ ಅದಕ್ಕಿಂತ ಹೆಚ್ಚು ಕಾದವರ ಸೀಮೆ ಇದು.

ಈಗ ಅರಳಿಕಟ್ಟೆಯ ಮೇಲೆ ನಡೆಯುತ್ತಿರುವ ಮಾತು ಇಷ್ಟೇ: 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಾಲಕ್ಕೋಸ್ಕರ ಸಹಕಾರ ಸಂಘವನ್ನು ಕಟ್ಟಿದುದಾದರೆ, ಹಾಲಿಗೋಸ್ಕರ ಡೈರಿಯ ಸಂಘವನ್ನು ನಮ್ಮ ಊರೂರಿನವರೂ ಕಟ್ಟಿ ನಡೆಸುತ್ತಿರುವುದಾದರೆ, ಮಾತಿಗೋಸ್ಕರ ಬಾನುಲಿಯ ಸಂಘವನ್ನು ಏಕೆ ಕಟ್ಟಬಾರದು? ಷೇರುದಾರನಿಗೆ ಡಿವಿಡೆಂಡಿನ ಬದಲು ಸರದಿಯ ಮೇಲೆ ಮೈಕು. (ಸರ್ವಸದಸ್ಯರ ಸಭೆಯಲ್ಲಿ ಚಹಾ ಬರುವ ಮೊದಲೇ ಕೈಕೈ ಮಿಲಾಯಿಸುವ ಸಂಪ್ರದಾಯವನ್ನು ಬಲ್ಲ ನಾನು, ಮೈಕು ಯಾರ ಕೈಯಲ್ಲಿ ಮುರಿಯುವುದೆಂಬ ಚಿಂತೆಯಿಂದ ಮುಕ್ತನಲ್ಲ.) ತಮ್ಮ ನಿಯಮಗಳಂತೆ ಅಂಥ ಸಂಸ್ಥೆಯು ಲಾಭವನ್ನು ಬಯಸತಕ್ಕುದಲ್ಲ, ನೋಂದಣಿಯಾಗಿ ಮೂರು ವರ್ಷ ಬಾಯಿ ಮುಚ್ಚಿಕೊಂಡು ಬಾಳಿರತಕ್ಕುದು. ಲಾಭವನ್ನು ಕಾಣದಿರುವ ವಿದ್ಯೆಯಲ್ಲಿ ನಮ್ಮ ಶೇಂಗಾ ಬೆಳೆಗಾರರು ಪಾರಂಗತರಾದುದರಿಂದ ಮೊದಲನೆಯದು ಕಷ್ಟವಲ್ಲ. ವ್ಯಕ್ತಿಗಳಿಗೆ ಪರವಾನಗಿಯಿಲ್ಲವೆಂಬುದೂ ಯುಕ್ತವೇ. ಆದರೆ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಮೂವತ್ತು ವಾಟಿನ ಯಂತ್ರವನ್ನಿಟ್ಟು ‘ಆಕಾಶವಾಣಿ’ಯೆಂದು ಕರೆದು ಬಿತ್ತರಿಸಿದರೆಂಬುದನ್ನೂ, ಆ ಹೆಸರನ್ನೇ ತಾವು ಬಳಿಕ ಸಮಸ್ತ ದೇಶದ ಬಾನುಲಿಗೆ ಇಟ್ಟುಕೊಂಡಿರೆಂಬುದನ್ನೂ ನೆನೆದಾಗ, ಇಂದಿನ ಅರ್ಜಿಯ ಮೊದಲ ಪುಟದಲ್ಲಿಯೇ ಆ ಮಹನೀಯರು ಅನರ್ಹರಾಗುತ್ತಿದ್ದರಲ್ಲ ಎಂಬ ಕುಚೋದ್ಯವು ಮನಸ್ಸಿಗೆ ಬಾರದಿರದು.

ವಾಟಿನ ಮಾತು ಬಂದುದರಿಂದ ಒಂದು ಲೆಕ್ಕ. ಪಾವಗಡದ ತಿರುಮಣಿಯ ಸುತ್ತ ಐದು ಗ್ರಾಮಗಳ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವಾಟಿನ ಸೌರ ಉದ್ಯಾನವು ನಮ್ಮ ಬಿಸಿಲನ್ನು ತಂತಿಯಲ್ಲಿ ಕಟ್ಟಿ ಊರಾಚೆಗೆ ಕಳುಹಿಸುತ್ತದೆ. ಸಮುದಾಯ ಬಾನುಲಿಗೆ ತಾವು ಸಾಮಾನ್ಯವಾಗಿ ಅನುಗ್ರಹಿಸುವ ಗರಿಷ್ಠ ಪ್ರಸರಣ ಶಕ್ತಿಯು ನೂರು ವಾಟು. ಹೋಗುವ ಬೆಳಕಿಗೂ ಉಳಿಯುವ ಮಾತಿಗೂ ಇರುವ ಪ್ರಮಾಣ ಎರಡು ಕೋಟಿ ಐದು ಲಕ್ಷಕ್ಕೆ ಒಂದು! ಎಫ್.ಎಂ. ಅಲೆಯು ನೇರ ನೋಟದಷ್ಟೇ ದೂರ ನಡೆಯುವುದರಿಂದ, ಚನ್ನರಾಯನದುರ್ಗ, ಸಿದ್ದರಬೆಟ್ಟ, ಮಿಡಿಗೇಶಿ, ನಿಡಗಲ್ಲುಗಳಂಥ ಗುಡ್ಡಗಳ ಹಿಂದಿರುವವನಿಗೆ ನಮ್ಮ ಬಾನುಲಿಯು ಮೌನವ್ರತವಾಗುವುದು ಖಂಡಿತ. ಗೋಪುರವು ನೆಲದಿಂದ ಮೂವತ್ತು ಮೀಟರು ಮೀರಬಾರದೆಂಬ ನಿಯಮವು, ಆ ನೆಲವೇ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಮಧುಗಿರಿಯ ನೆತ್ತಿಯಾಗಿದ್ದಲ್ಲಿ ಏನೆನ್ನುತ್ತದೆಂಬುದನ್ನು ದಯವಿಟ್ಟು ವಿಚಾರಿಸಬೇಡಿರಿ; ಅದೊಂದು ಸವಲತ್ತು ನಮಗೆ ಉಳಿಯಲಿ.

ಇಷ್ಟೆಲ್ಲ ಒಪ್ಪಿದ ಮೇಲೂ ಗಂಟಲಲ್ಲಿ ಸಿಕ್ಕುವುದು ಸುದ್ದಿಯ ಮಾತು. ಸಮುದಾಯ ಬಾನುಲಿಯು ತನ್ನದೇ ಸುದ್ದಿಯನ್ನು ಹೇಳಕೂಡದು, ಆಕಾಶವಾಣಿಯಿಂದ ಬಂದುದನ್ನು ಮಾತ್ರ ಬಿತ್ತರಿಸಬಹುದು. ಈ ವ್ಯವಸ್ಥೆಯನ್ನು ಕಂಡು ಹಿರಿಯರೊಬ್ಬರು ಹೊಸತೇನೂ ಇಲ್ಲವೆಂದರು. ಅವರ ಬಾಲ್ಯದಲ್ಲಿ ಡಂಗುರದವನು ಹುಲ್ಲಿನ ಉರಿಗೆ ತಮಟೆಯನ್ನು ಕಾಯಿಸಿ, ಬೆರಳಿನಿಂದ ತಟ್ಟಿ ಬಿಗಿಯನ್ನು ನೋಡಿ, ಬೀದಿಯ ಮೂಲೆಯಲ್ಲಿ ನಿಂತು ಸಾರುತ್ತಿದ್ದನಂತೆ. ದನಿ ಅವನದು, ಬೆವರು ಅವನದು, ಮಾತು ಮಾತ್ರ ಶಾನುಭೋಗರದು. ಕಂದಾಯ ಕಟ್ಟಿರೆಂದು ಸಾರಿದ ಅದೇ ಬಾಯಿಯಿಂದ ತನ್ನ ಕೇರಿಯ ಬಾವಿ ಬತ್ತಿದೆಯೆಂದು ಸೇರಿಸುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ತೆಲಂಗಾಣದ ಮಾಚನೂರಿನಲ್ಲಿ 2008ರಿಂದ ದಲಿತ ಮಹಿಳೆಯರೇ ನಡೆಸುವ ಸಂಘಂ ರೇಡಿಯೋ, ತಮಟೆಯನ್ನು ಮಾತ್ರ ಪಡೆದಿದ್ದ ಕೈಗಳಿಗೆ ಮೈಕನ್ನು ಕೊಟ್ಟಿತು; ಸಂತೋಷ. ಆದರೆ ಸುದ್ದಿಯ ಮಟ್ಟಿಗೆ ಶಾನುಭೋಗಿಕೆಯು ದೆಹಲಿಯಲ್ಲಿಯೇ ಉಳಿಯಿತು. ಪಾವಗಡದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿದೆಯೆಂಬುದನ್ನು ಆರೋಗ್ಯ ಕಾರ್ಯಕ್ರಮವೆಂದು ಹೇಳಬಹುದಂತೆ. ಶುದ್ಧ ನೀರಿನ ಘಟಕವು ಕೆಟ್ಟು ಇಂದಿಗೆ ಎಷ್ಟು ದಿನವಾಯಿತೆಂದರೆ ಅದು ಸುದ್ದಿಯಾದೀತು. ರೋಗವು ಕಾರ್ಯಕ್ರಮ, ಕಾರಣವು ಅಪರಾಧ!

ಪರವಾನಗಿಯೇ ಇಲ್ಲದ ಕಾಲದಲ್ಲಿ, ಹೈದರಾಲಿ ಹುಟ್ಟಿದ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಸ್ವಸಹಾಯ ಸಂಘದ ಹೆಂಗಸರು ಸೇರಿ ನಡೆಸಿದ ‘ನಮ್ಮ ಧ್ವನಿ’ಯು ಗಾಳಿಯನ್ನು ಮುಟ್ಟದೆ, ಕೇಬಲ್ ತಂತಿಯಲ್ಲಿ ಮಾತನ್ನು ಮನೆಮನೆಗೆ ಸಾಗಿಸಿತ್ತು. ನಮ್ಮಲ್ಲಿಯೂ ತಂತಿ ಎಳೆಯೋಣವೆಂಬ ಸೂಚನೆ ಬಂದಿತು. ಕೋತಿಗಳ ಅಭಿಪ್ರಾಯವನ್ನು ಪಡೆಯದೆ ಮಂಡಿಸಿದುದರಿಂದ ಅದು ಬಿದ್ದುಹೋಯಿತು.

ಆದುದರಿಂದ ಒಂದೇ ಒಂದು ಸ್ಪಷ್ಟೀಕರಣವನ್ನು ಬೇಡುತ್ತೇವೆ. ಬೆಟ್ಟದ ಕರಡಿಯು ಸಂಜೆ ಹುಣಿಸೆಯ ತೋಪಿಗೆ ಇಳಿದಿದೆ, ಮಕ್ಕಳನ್ನು ಒಳಗೆ ಕರೆದುಕೊಳ್ಳಿರಿ ಎಂದು ನಮ್ಮ ಬಾನುಲಿಯು ಹೇಳಿದರೆ ಅದು ನಿಷಿದ್ಧ ಸುದ್ದಿಯೋ, ಕೃಷಿ ಸಲಹೆಯೋ, ಜಾನಪದ ಕಾರ್ಯಕ್ರಮವೋ? ಉತ್ತರವನ್ನು ಮೂರು ಪ್ರತಿಗಳಲ್ಲಿ ಕಳುಹಿಸುವ ಕೃಪೆಯಾಗಲಿ, ಒಂದು ಪ್ರತಿ ಅರಣ್ಯ ಇಲಾಖೆಗೆ. ಅಲ್ಲಿಯ ವರೆಗೆ ತಮಟೆಯವನನ್ನೇ ಗೊತ್ತುಮಾಡೋಣವೆಂದು ಕೇಳಿದೆವು. ಆತನು ಮುಂಗಡವನ್ನು ಬಯಸುತ್ತಿದ್ದಾನೆ, ಮತ್ತು ಈ ಸಲ ಏನು ಸಾರಬೇಕೆಂಬುದನ್ನು ತಾನೇ ನಿರ್ಧರಿಸುವನಂತೆ.

ಇಂತಿ ತಮ್ಮ ವಿಧೇಯ,
ಬೆಟ್ಟದ ಬುಡದ ಬಿನ್ನಹಗಾರ,
ಮಧುಗಿರಿ