ವರ್ಕ್‌ಶಾಪ್ ರಾಯರು

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕೆಲವರು ವಿಷ್ಣುಸಹಸ್ರನಾಮ ಹಿಡಿಯುತ್ತಾರೆ, ಕೆಲವರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾಗಿ ನೀರಿನ ಟ್ಯಾಂಕರಿನವರ ಜತೆ ಜಗಳ ಕಾಯುತ್ತಾರೆ. ಎರಡಕ್ಕೂ ಒಗ್ಗದವರು ವರ್ಕ್‌ಶಾಪ್ ರಾಯರಾಗುತ್ತಾರೆ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಖಾದಿ ಜುಬ್ಬಾ, ಹೆಗಲಿಗೊಂದು ಜೋಳಿಗೆ, ಜೋಳಿಗೆಯ ತುಂಬ ಶುರುವಾಗಿ ಮುಗಿಯದ ಕೈಕೆಲಸ.

‘ಶನಿವಾರ ಬೆಳಿಗ್ಗೆ 10ಕ್ಕೆ ಕಸೂತಿ ಕಮ್ಮಟ, ಚಹಾ, ಉಪ್ಪಿಟ್ಟು, ಸಾಮಗ್ರಿ ಸೇರಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದರೆ ಮೊದಲು ದುಡ್ಡು ಕಟ್ಟುವವರು ರಾಯರೇ. ಸಾಮಗ್ರಿ ಸೇರಿದೆಯೆಂದು ಓದಿದ ಮೇಲೂ ಚಿಕ್ಕಪೇಟೆಗೆ ಹೋಗಿ ಸಿಕ್ಕಿದಷ್ಟು ಬಣ್ಣದ ದಾರದ ಲಡಿ, ಸೂಜಿಯ ಡಬ್ಬಿ, ಮರದ ರಿಂಗು ತರುತ್ತಾರೆ. ಕಲಿಸಲು ಧಾರವಾಡದಿಂದ ಬಂದ ಅಮ್ಮ ಆ ರಿಂಗನ್ನು ನೋಡಿ, “ಇದರಾಗ ಹಪ್ಪಳ ಒತ್ತಬಹುದು ನೋಡ್ರಿ” ಎಂದು ಪಕ್ಕಕ್ಕಿಟ್ಟರು.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಳ್ಳುವಂತಿಲ್ಲ. ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ ಎಲ್ಲ ಮೂಡಬೇಕು. ಗವಂತಿಯಲ್ಲಿ ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ. ತುಂಬಿದ ಮೇಲೆ ಬಟ್ಟೆಯ ಎರಡೂ ಮಗ್ಗುಲು ತಾಳೆಯಾದ ಜಮಾ-ಖರ್ಚಿನಂತೆ ಒಂದೇ ಆಗಿರುತ್ತವೆ. ಇದನ್ನು ಕೇಳಿ ರಾಯರಿಗೆ ರೋಮಾಂಚನವಾಯಿತು. ಆ ಉತ್ಸಾಹದಲ್ಲಿ ದಾರಕ್ಕೊಂದು ಭದ್ರ ಗಂಟು ಹಾಕಿದರು.

“ಗಂಟ ಹಾಕಬ್ಯಾಡ್ರಿ ಸರ. ತುದಿ ಹೊಲಿಗಿ ಒಳಗ ಸೇರಿಸಿ ಮುಚ್ಚಿಬಿಡ್ರಿ.”

“ಬಿಚ್ಚಿಕೊಂಡರೆ?”

“ನಮ್ಮಜ್ಜಿ ಚಂದ್ರಕಳಿ ಸೀರಿ ಇನ್ನೂ ಬಿಚ್ಚಿಲ್ರಿ.”

ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ರಾಯರು ಮ್ಯಾಟಿ ಬಟ್ಟೆಯ ಎಳೆ ಎಣಿಸತೊಡಗಿದರು. ಎಲ್ಲೋ ಒಂದು ಎಳೆ ಹೆಚ್ಚಾಯಿತು. ಹಿಂದಿರುಗುವ ದಾರಿಯಲ್ಲಿ ಸೂಜಿಗೆ ಊರೇ ಸಿಗಲಿಲ್ಲ, ಗೋಪುರ ಬಲಕ್ಕೆ ವಾಲಿತು. ಹತ್ತು ಪೈಸೆ ವ್ಯತ್ಯಾಸಕ್ಕೆ ಕ್ಯಾಷಿಯರನ್ನು ರಾತ್ರಿ ಒಂಬತ್ತರವರೆಗೆ ಕೂಡಿಸಿಕೊಂಡಿದ್ದ ಅದೇ ರಾಯರು, “ಸ್ವಲ್ಪ ಅಡ್ಜಸ್ಟ್ ಮಾಡಬಹುದಲ್ಲವೇ?” ಎಂದು ಮೆಲ್ಲಗೆ ಕೇಳಿದರು.

“ಬಿಚ್ರಿ” ಎಂದರು ಅಮ್ಮ.

ಸಂಜೆಯ ಹೊತ್ತಿಗೆ ಕಳಸವಿಲ್ಲದ ಅರ್ಧ ಗೋಪುರ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಏರಿತು. ಬಟ್ಟೆಯ ಹಿಂಬದಿಯ ಫೋಟೋ ಮಾತ್ರ ಎಲ್ಲೂ ಬರಲಿಲ್ಲ.

ಲಂಬಾಣಿ ಕಸೂತಿಯ ಸರದಿ ಬೇಗ ಮುಗಿಯಿತು. 2023ರಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಸಂಡೂರಿನ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕೈಕೆಲಸದ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಇದನ್ನು ರಾಯರು ಕಂಡಕಂಡವರಿಗೆಲ್ಲ ಹೇಳುತ್ತಾರೆ. ಅವರು ಹೊಲಿದದ್ದು ಒಂದೇ ಕನ್ನಡಿ. ಅದೂ ಬರುವಾಗ ಆಟೋದಲ್ಲಿ ಬಿದ್ದುಹೋಯಿತು.

ನೀಲಿ ಬಣ್ಣದ ಕಮ್ಮಟದ ಕಥೆಯೇ ಬೇರೆ. ನೀಲಿಯ ತೊಟ್ಟಿಯಲ್ಲಿ ಅದ್ದಿದ ಬಟ್ಟೆ ಹೊರಗೆ ಬರುವಾಗ ಹಳದಿ-ಹಸಿರಾಗಿಯೇ ಇರುತ್ತದೆ. ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಹಸಿರು ಕಂಡದ್ದೇ ರಾಯರು ಏನೋ ಎಡವಟ್ಟಾಯಿತೆಂದು ಕೈಗವಸು ಕಿತ್ತೊಗೆದು ಬರಿಗೈಯನ್ನೇ ತೊಟ್ಟಿಗಿಳಿಸಿದರು. ಅದು ನವೆಂಬರ್ ತಿಂಗಳು. ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ಬೆರಳೊತ್ತಲು ತಮ್ಮ ಹಳೆಯ ಶಾಖೆಗೇ ಹೋದಾಗ ಕೌಂಟರಿನ ಹುಡುಗಿ ಕೇಳಿದಳು: “ಹತ್ತು ಓಟು ಹಾಕಿ ಬಂದ್ರಾ ಸಾರ್?”

ಇಷ್ಟಕ್ಕೂ ಸುಮ್ಮನಾಗದೆ ರಾಯರು ರಾತ್ರಿ ಬಸ್ಸು ಹತ್ತಿ ಇಳಕಲ್ಲಿಗೇ ಹೋದರು. ಅಲ್ಲಿ ನೇಕಾರರು ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು ನೇಯುತ್ತಾರೆ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಹೀಗಾಗಿ ಒಂದೊಂದು ಸೀರೆಗೂ ಹೊಸದಾಗಿಯೇ ಹಾಸು ಹೂಡಬೇಕು. “ಒಟ್ಟಿಗೆ ಹತ್ತು ಸೀರೆಗೆ ಹೂಡಿದರೆ ಖರ್ಚು ಉಳಿಯುತ್ತದಲ್ಲ?” ಎಂದು ರಾಯರು ಸಲಹೆ ಕೊಟ್ಟರು. ನೇಕಾರ ನಕ್ಕು ಜಾಗ ಬಿಟ್ಟುಕೊಟ್ಟ. ರಾಯರು ಎಳೆದ ರಭಸಕ್ಕೆ ಲಾಳಿ ಆಚೆ ದಡ ಸೇರುವ ಬದಲು ಹಾಸಿಗೇ ನುಗ್ಗಿತು. ಕಡಿದ ಎಳೆಗಳನ್ನು ಕೂಡಿಸುವುದರಲ್ಲಿ ಆ ಮನೆಯವರ ಅರ್ಧ ದಿನ ಹೋಯಿತು. ಆ ಅರ್ಧ ದಿನದ ಕೂಲಿ ಯಾರ ಖಾತೆಗೆ ಎಂಬ ಪ್ರಶ್ನೆ, ಆಯುಷ್ಯವೆಲ್ಲ ಖಾತೆಗಳಲ್ಲೇ ಕಳೆದ ಮನುಷ್ಯನಿಗೂ ಹೊಳೆಯಲಿಲ್ಲ. ಮಂಡಿನೋವಿನ ರಾಯರನ್ನು ಗುಂಡಿಯಿಂದ ಎತ್ತಲು ಪಕ್ಕದ ಮನೆಯವರನ್ನೂ ಕರೆಯಬೇಕಾಯಿತು.

ರಾಯರಿಗೆ ಒಂದು ಹೊಲಿಗೆಯೂ ನೆಟ್ಟಗೆ ಬರಲಿಲ್ಲ, ನಿಜ. ಆದರೆ ಬೇರೆಯವರ ಹೊಲಿಗೆ ತಪಾಸಣೆ ಮಾಡುವುದು ಚೆನ್ನಾಗಿ ಬಂತು. ಅಂಗಡಿಗೆ ಹೋದರೆ ಸೀರೆಯ ಮುಮ್ಮೈ ನೋಡುವುದೇ ಇಲ್ಲ, ನೇರ ಹಿಮ್ಮೈಗೇ ಕೈ. ಮೊನ್ನೆ ತಂಗಿಯ ಮಗಳ ಮದುವೆಯಲ್ಲಿ, ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ಹಿರಿಯ ಹೆಂಗಸಿನ ಸೆರಗಿನ ತುದಿ ಕಣ್ಣಿಗೆ ಬಿತ್ತು. ರಾಯರು ಅದನ್ನು ಮೆಲ್ಲಗೆ ತಿರುವಿ, ಕನ್ನಡಕ ಏರಿಸಿ, “ಮೆಷಿನ್ ಕೆಲಸ ತಾಯಿ. ಅಪ್ಪಟ ಕಸೂತಿಗೆ 2006ರಲ್ಲೇ ಜಿಐ ಮಾನ್ಯತೆ ಸಿಕ್ಕಿದೆ. ನಿಮಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ” ಎಂದರು.

ಆಕೆ ವರನ ತಾಯಿ. ಸೀರೆ ಉಡುಗೊರೆ ಕೊಟ್ಟವರು ಹೆಣ್ಣಿನ ಕಡೆಯವರು. ಆರಿಸಿ ತಂದವರು ರಾಯರ ಹೆಂಡತಿ.