ಬಾಮೈದ ಕಂಡ ಕೆರೆ

ಪಾವಗಡಕ್ಕೆ ಹೊರಗಿನವರು ಬರುವುದು ಸಾಮಾನ್ಯವಾಗಿ ಶನಿಮಹಾತ್ಮನ ದರ್ಶನಕ್ಕೆ. ನನ್ನ ಬಾಮೈದ ಬಂದದ್ದು ಕೊಕ್ಕರೆ ದರ್ಶನಕ್ಕೆ. ನನಗೆ ಮಾತ್ರ ಎಳ್ಳೆಣ್ಣೆ ಖರ್ಚಿಲ್ಲದೆ ಎರಡೂ ಒಟ್ಟಿಗೇ ಆಯಿತು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕೂತು ಅವನಿಗೆ ಹೊಟ್ಟೆ ಬಂದಿದೆ. ಡಾಕ್ಟರು ನಡೆಯಿರಿ ಅಂದರಂತೆ. ನಮ್ಮ ಕಡೆ ನಡೆಯೋದಕ್ಕೆ ಚಪ್ಪಲಿ ಸಾಕು. ಅವನಿಗೆ ಅಗಲಂಚಿನ ಟೋಪಿ, ಮೊಣಕಾಲಿಗೆ ಪಟ್ಟಿ, ಕೊರಳಿಗೆ ಬೈನಾಕ್ಯುಲರ್ ಎಲ್ಲ ಬೇಕಾಯಿತು. “ಹೈಕಿಂಗ್ ಭಾವ” ಅಂದ. ಹಾಗಿದ್ದರೆ ಮಧುಗಿರಿಯ ಏಕಶಿಲಾ ಬೆಟ್ಟ ಹತ್ತು, ಆಗದಿದ್ದರೆ ನಮ್ಮ ಪಾವಗಡದ ಕೋಟೆಯನ್ನಾದರೂ ಹತ್ತು ಅಂದೆ. “ಅದು ಟ್ರೆಕ್ಕಿಂಗು. ನಂದು ಸಪಾಟು ನೆಲದ್ದು. ನೀರಿನ ಪಕ್ಕದಲ್ಲಿ ನಡೀತಾ ಹಕ್ಕಿ ನೋಡೋದು.” ನಮ್ಮಜ್ಜ ಎಮ್ಮೆ ಹಿಂದೆ ಕೆರೆ ಏರಿ ಮೇಲೆ ಜೀವಮಾನವೆಲ್ಲ ಮಾಡಿದ್ದೂ ಅದನ್ನೇ. ಪಾಪ, ಅದಕ್ಕೊಂದು ಹೆಸರಿದೆ ಅಂತ ತಿಳಿಯದೆ ಹೋಗಿಬಿಟ್ಟ.

ಊರು ಆರಿಸಿದವನೂ ಅವನೇ. ನಕ್ಷೆಯಲ್ಲಿ ‘ಕ್ಯಾತಗಾನಚೆರ್ಲು’ ಅಂತ ಓದಿ ಕುಣಿದಾಡಿದ. “ಭಾವ, ತೆಲುಗಲ್ಲಿ ಚೆರುವು ಅಂದ್ರೆ ಕೆರೆ. ಚೆರ್ಲು ಅಂದ್ರೆ ಕೆರೆಗಳೇ ಇರಬೇಕು. ಬಹುವಚನ!” ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕಿನಲ್ಲಿ ಹುಟ್ಟಿದವನಿಗೇ ತೆಲುಗು ಪಾಠ. ಊರ ಹೆಸರಿನಲ್ಲಿ ಕೆರೆ ಇದ್ದರೆ ಕೆರೆಯಲ್ಲಿ ನೀರಿರುತ್ತದೆ ಅಂತ ನಂಬುವವನಿಗೆ ಏನು ಹೇಳೋದು? ಅದೂ ಮಾರ್ಚ್ ಕೊನೆಯಲ್ಲಿ, ಪಾವಗಡದಲ್ಲಿ.

ತಿರುಮಣಿ ಹತ್ತಿರ ಹತ್ತಿರ ಹೋಗುತ್ತಿದ್ದಂತೆ ಗಕ್ಕನೆ ಕಾರು ನಿಲ್ಲಿಸಿದ. ದೂರದಲ್ಲಿ ನೀಲಿ. ಬಿಸಿಲಿಗೆ ಸಣ್ಣಗೆ ಅಲುಗಾಡುವ, ದಿಗಂತದವರೆಗೆ ಹಾಸಿದ ನೀಲಿ. “ಭಾವ! ಇಷ್ಟು ದೊಡ್ಡ ಕೆರೆ ಇಟ್ಕೊಂಡು ಬರಗಾಲ ಬರಗಾಲ ಅಂತೀರಲ್ಲ!” ನಾನು ಬಾಯಿ ಬಿಡಲಿಲ್ಲ. ಇಂಥ ಸುಖ ದಿನಾ ಸಿಗುವುದಿಲ್ಲ. ಅವನು ಒಂದು ನೋಟ್‌ಬುಕ್ ತೆಗೆದ. ಸ್ಕೇಲಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿಟ್ಟಿದ್ದ: ಹಕ್ಕಿ, ಎಷ್ಟು, ಎಲ್ಲಿ ಕಂಡಿತು. ಮೇಲೆ ‘ಬೃಹತ್ ಕೆರೆ’ ಅಂತ ಬರೆದು ಅಡಿಗೆರೆ ಎಳೆದ. ಜಾಲಿ ಮುಳ್ಳು ಪರಚಿಸಿಕೊಂಡು ಹತ್ತಿರ ಹೋದ. ತಂತಿಬೇಲಿ ಸಿಕ್ಕಿತು. ಬೇಲಿಯಾಚೆ ಸಾಲುಸಾಲಾಗಿ ಸೋಲಾರ್ ಪ್ಯಾನೆಲ್.

ವಳ್ಳೂರು, ರಾಯಚೆರ್ಲು, ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡ 2,050 ಮೆಗಾವಾಟಿನ ‘ಶಕ್ತಿಸ್ಥಳ’ ಅದು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ರೈತರಿಂದ ನೆಲ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದವರಿಗೆ ಅದೇನು ಕಮ್ಮಿಯಲ್ಲ. ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವರಿಗೆ ಏನು ಬಂತು ಅಂತ ಕೇಳಿದರೆ ಹರಟೆ ಕೆಡುತ್ತದೆ.

ಬಾಮೈದ ಮುಖ ಸಣ್ಣದು ಮಾಡಿಕೊಂಡು ‘ಬೃಹತ್ ಕೆರೆ’ಗೆ ಕಾಟು ಹಾಕಿದ. ಸಮಾಧಾನ ಮಾಡಿದೆ: ಕ್ಯಾಲಿಫೋರ್ನಿಯಾದ ಮರುಭೂಮಿಯ ಸೋಲಾರ್ ಘಟಕಗಳಲ್ಲಿ ನೀರಹಕ್ಕಿಗಳು ಸತ್ತು ಬಿದ್ದದ್ದು ಕಂಡು, ಪ್ಯಾನೆಲನ್ನು ಅವು ಕೆರೆ ಅಂದುಕೊಂಡು ಇಳಿಯುತ್ತವೆಯೋ ಏನೋ ಅಂತ ವಿಜ್ಞಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಒಂದು ಟಿಕೆಟ್ ಕಳಿಸಿ ನಿನ್ನನ್ನು ಕರೆಸಿಕೊಂಡಿದ್ದರೆ ಅರ್ಧ ದಿನದಲ್ಲಿ ತೀರ್ಮಾನವಾಗುತ್ತಿತ್ತು ಅಂದೆ. ಅವನು ನಗಲಿಲ್ಲ.

ಕೊನೆಗೆ ನಿಜವಾದ ಕೆರೆಯೂ ಸಿಕ್ಕಿತು. ಅಂಗಳದ ತುಂಬ ಬಿರುಕು, ನಡುವೆ ಮಾತ್ರ ಒಂದು ಮಡುವಿನಷ್ಟು ನೀರು. ಏರಿ ಮೇಲೆ ಹೈಕಿಂಗ್ ಶುರುವಾಯಿತು. ನೀರು ಬತ್ತಿದರೆ ಮೀನಿಗೆ ಕೇಡು, ಕೊಕ್ಕರೆಗೆ ಹಬ್ಬ. ಬೆಳ್ಳಕ್ಕಿಗಳ ನಡುವೆ ಎರಡು ಬಣ್ಣದ ಕೊಕ್ಕರೆ ಇದ್ದವು. ಬೈನಾಕ್ಯುಲರ್ ಕಸಿದು ನಾನೂ ನೋಡಿದೆ. ಹಳದಿ ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಅದ್ದಿ, ಕಸ ಗುಡಿಸಿದ ಹಾಗೆ ಅತ್ತಿಂದಿತ್ತ ಆಡಿಸುತ್ತ, ಕಾಲಲ್ಲಿ ಕೆಸರು ಕೆದಕುತ್ತ ಬರುತ್ತದೆ. ಕಣ್ಣಿನ ಕೆಲಸವೇ ಇಲ್ಲ. ಮೀನು ತಾಗಿದ್ದೇ ತಡ, ಕೊಕ್ಕು ಟಪ್ ಅಂತ ಮುಚ್ಚುತ್ತದೆ. ಬಾಲದ ಹತ್ತಿರದ ಗುಲಾಬಿ ಗರಿ ಮದುವೆಮನೆ ಸೀರೆ ಸೆರಗಿನ ಹಾಗೆ. ತಮಾಷೆ ಮಾಡಬೇಕು ಅಂತಲೇ ಹೋದವನು ಐದು ನಿಮಿಷ ಸುಮ್ಮನೆ ನಿಂತುಬಿಟ್ಟೆ. ಬಾಮೈದನಿಗೆ ಇದನ್ನು ಹೇಳಿಲ್ಲ.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಒಬ್ಬ ತಾತ ಬಂದರು. ಬೈನಾಕ್ಯುಲರ್ ಹಿಡಿದು ಕೆಸರು ಹುಡುಕುತ್ತಿದ್ದ ನಮ್ಮನ್ನು ನೋಡಿ ಮರುಗಿ ಕೇಳಿದರು: “ಏಂ ಪೋಗೊಟ್ಟುಕುನ್ನಾರು ಸಾಮೀ?” ಏನು ಕಳೆದುಕೊಂಡಿರಿ ಅಂತ. “ಹಕ್ಕಿ ನೋಡ್ತಿದೀವಿ ತಾತ” ಅಂದ ಬಾಮೈದ. ತಾತ ಬರಿಗಣ್ಣಲ್ಲಿ ಒಮ್ಮೆ ನೋಡಿ, “ಕೊಂಗಲಾ? ಇದಕ್ಕೆ ಇಲ್ಲಿಗಂಟ ಬಂದ್ರಾ? ಶಿರಾ ತಾವ ಕಗ್ಗಲಡುಗೆ ಹೋಗಿ, ಹುಣಸೆಮರದ ತುಂಬ ಐತೆ” ಅಂದರು. ಬಾಮೈದನ ಕಾಲ ಬುಡದಲ್ಲಿ ಟಿಟ್ಟಿಭವೊಂದು ಆಗಿನಿಂದ ಕಿರುಚಾಡುತ್ತಿತ್ತು. ತಾತ ಕೋಲಿನಿಂದ ಅವನ ಬೂಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಒಂದು ಗೇಣು ದೂರದಲ್ಲಿ ಬರೀ ನೆಲದ ಮೇಲೆ ಮಣ್ಣು ಬಣ್ಣದ, ಚುಕ್ಕೆ ಚುಕ್ಕೆಯ ಮೂರು ಮೊಟ್ಟೆ. ಬೈನಾಕ್ಯುಲರಿಗೆ ಅಷ್ಟು ಹತ್ತಿರದ್ದು ಕಾಣುವುದಿಲ್ಲವಂತೆ.

ಸಂಜೆ ಕಗ್ಗಲಡು. ಮನೆಗಳ ನಡುವಿನ ಹುಣಸೆಮರಗಳಲ್ಲೇ ಬೂದು ಬಕ, ಬಣ್ಣದ ಕೊಕ್ಕರೆಗಳ ಸಂಸಾರ. ದೊಡ್ಡ ಕೊಕ್ಕರೆಗೆ ದನಿಯಿಲ್ಲ, ಕೊಕ್ಕು ಬಡಿದು ಕಟಕಟ ಅನ್ನುತ್ತದೆ ಅಷ್ಟೇ. ಮನೆಯ ಗಲಾಟೆಯೆಲ್ಲ ಮರಿಗಳದ್ದು. ಊರಿನವರು ಇವಕ್ಕೆ ಕಲ್ಲು ಬೀರುವುದಿಲ್ಲ. ಅಷ್ಟಕ್ಕೇ ಮಂಡ್ಯದ ಕೊಕ್ಕರೆ ಬೆಳ್ಳೂರಿನ ಜೊತೆ ಈ ಊರಿನ ಹೆಸರನ್ನೂ ಹೇಳುವಂತಾಗಿದೆ. ಇಲ್ಲಿ ಹೈಕಿಂಗೂ ಬೇಡ, ಬೈನಾಕ್ಯುಲರೂ ಬೇಡ. ಬೇಕಾದದ್ದು ಒಂದು ಕೊಡೆ. ಅದನ್ನು ಮಾತ್ರ ಬಾಮೈದ ತಂದಿರಲಿಲ್ಲ.

ನಾನು ತಲೆಯೆತ್ತಿ “ಅದೋ ಅಲ್ಲಿ” ಅನ್ನುವಷ್ಟರಲ್ಲಿ ಪಚಕ್ ಅಂತ ಹೆಗಲ ಮೇಲೆ ಬಿತ್ತು. ಬೆಳಿಗ್ಗೆಯಿಂದ ಮೊದಲ ಸಲ ಬಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಪೆನ್ನು ತೆಗೆದು ಶ್ರದ್ಧೆಯಿಂದ ಬರೆದುಕೊಂಡ. ಹಕ್ಕಿ: ಬಣ್ಣದ ಕೊಕ್ಕರೆ. ಎಷ್ಟು: ಒಂದು. ಎಲ್ಲಿ ಕಂಡಿತು: ಭಾವನ ಅಂಗಿ ಮೇಲೆ.