ರಿಪೇರಿ ಭಾವ

ಕಂಪ್ಯೂಟರ್ ಬಲ್ಲ ನೆಂಟನೊಬ್ಬ ಈಗ ಪ್ರತಿ ಮನೆತನಕ್ಕೂ ಇದ್ದೇ ಇರುತ್ತಾನೆ. ಹಿಂದೆ ಆ ಜಾಗದಲ್ಲಿ ಜಾತಕ ನೋಡುವವರಿದ್ದರು. ಅವರಿಗಾದರೂ ದಕ್ಷಿಣೆ ಸಿಗುತ್ತಿತ್ತು. ನಮ್ಮ ಪಾಲಿಗೆ ಬಂದವರು ಹೊಳೆನರಸೀಪುರದ ಷಡ್ಡಕರು. ಹಾಸನದವನಾದ ನಾನು ಕಿರಿಯ ಅಳಿಯ, ಹಾಗಾಗಿ ಬಾಯ್ತುಂಬ ‘ಭಾವ’ ಎನ್ನುತ್ತೇನೆ. ಅವರ ಚೀಲದಲ್ಲಿ ಸ್ಕ್ರೂಡ್ರೈವರ್, ಪೆನ್‌ಡ್ರೈವ್, ಮಕ್ಕಳ ರಬ್ಬರ್. ರ‍್ಯಾಮ್ ಬಿಚ್ಚಿ ಅದರ ಹಲ್ಲನ್ನು ರಬ್ಬರಿನಲ್ಲಿ ಉಜ್ಜಿ ಕೂರಿಸಿದರೆ ಸತ್ತ ಕಂಪ್ಯೂಟರೂ ಏಳುತ್ತದೆ ಎನ್ನುತ್ತಾರೆ. ಕಷ್ಟವೆಂದರೆ, ಎಷ್ಟೋ ಸಲ ಏಳುತ್ತದೆ.

ಅರಕಲಗೂಡಿನ ಮಾವನ ವಾಟ್ಸ್ಆ್ಯಪ್‌ಗೆ ಒಂದು ಲಗ್ನಪತ್ರಿಕೆ ಬಂತು. ಕಡತದ ಕೊನೆಯಲ್ಲಿ ‘ಎಪಿಕೆ’ ಅಂತಿತ್ತು. ಊಟ ಇರುವ ಯಾವ ಪತ್ರಿಕೆಯನ್ನೂ ಮಾವ ಬಿಡಿಸದೆ ಇಟ್ಟವರಲ್ಲ. ಇದು ಫೋನಿಗೆ ಬರುವ ಓಟಿಪಿಗಳನ್ನೆಲ್ಲ ಕಳ್ಳರಿಗೆ ದಾಟಿಸುವ ಆ್ಯಪ್. ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ಮಾವನ ಹೆಸರಿನಲ್ಲಿ ಸಂದೇಶ: ಅರ್ಜೆಂಟ್ ದುಡ್ಡು ಬೇಕು, ನಾಳೆ ಕೊಡ್ತೀನಿ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರದ ದಾಯಾದಿಯೊಬ್ಬರು ‘ಮೊದಲು ಹೋದ ವರ್ಷದ್ದು ತೀರಿಸು’ ಎಂದು ಕಳ್ಳನಿಗೇ ತಗಾದೆ ಮಾಡಿದರು. ಅದೇ ಊರಿನ ಚಿಕ್ಕಮ್ಮ ಮಾತ್ರ ಐದು ಸಾವಿರ ಕಳಿಸಿಯೇಬಿಟ್ಟರು. ಸಾಲದ್ದಕ್ಕೆ ಮಾವನ ಲ್ಯಾಪ್‌ಟಾಪೂ ಅವತ್ತೇ ಕಣ್ಣು ಮುಚ್ಚಿತು.

ಬೆಳಗಿನ ಬಸ್ಸಿಗೇ ಭಾವ ಹಾಜರ್. ನಾನೂ ಹಾಸನದಿಂದ ಹೋಗಿದ್ದೆ.

“ಏನ್ ಒತ್ತಿದ್ರಿ ಮಾವ?”

“ಏನೂ ಒತ್ತಿಲ್ಲ.”

“ಏನೂ ಒತ್ತದೆ ಹೀಗಾಗಲ್ಲ.”

ಕಾಫಿ ಮುಗಿಯುವವರೆಗೆ ಇದೇ ವಿಚಾರಣೆ. ನನಗೆ ಮೈ ಉರಿಯುವುದು ಇಲ್ಲೇ. ರೋಗಿಯನ್ನು ಬಿಟ್ಟು ರೋಗಿಯ ಮನೆಯವರನ್ನು ಕಟಕಟೆಗೆ ಹತ್ತಿಸುತ್ತಾರೆ. ದೂರು ಕೊಡೋಣವೇ ಎಂದರೆ, “ನಾನಿರುವಾಗ ಪೊಲೀಸ್ ಯಾಕ್ರೀ?” ಅತ್ತೆ ಹಿಂದಿನ ರಾತ್ರಿಯೇ ಚಿಕ್ಕಮ್ಮನಿಂದ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಹಣ ಕಳ್ಳರ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲೇ ದೂರು ಬರೆಸಿದ್ದರು. ಮನೆಯಲ್ಲಿ ನಿಜವಾದ ತಜ್ಞರು ಯಾರೆಂದು ನಾನು ಹೇಳುವುದಿಲ್ಲ. ಭಾವ ಇದನ್ನು ಓದುತ್ತಾರೆ.

ಫೋನಿನ ಆ್ಯಪ್ ಕಿತ್ತು, ವಾಟ್ಸ್ಆ್ಯಪ್ ಮರಳಿ ಪಡೆದು, ಎರಡು ಹಂತದ ಬೀಗ ಜಡಿದದ್ದು ಅವರೇ. ಅದನ್ನು ಒಪ್ಪಲೇಬೇಕು. ಆಮೇಲೆ ಲ್ಯಾಪ್‌ಟಾಪ್. “1982ರಿಂದ ಹಾಸನದಲ್ಲಿ ಕೂತೇ ಇಸ್ರೋದವರು 36,000 ಕಿಲೋಮೀಟರ್ ಮೇಲಿನ ಉಪಗ್ರಹ ಆಡಿಸ್ತಾರೆ. ಇದ್ಯಾವ ಲೆಕ್ಕ!” ರಬ್ಬರಿಗೆ ಪರದೆಯೇನೋ ಬೆಳಗಿತು. ಅಷ್ಟಕ್ಕೆ ಬಿಟ್ಟರೆ ಅವರು ಭಾವನೇ ಅಲ್ಲ. ಬಯಾಸ್‌ಗೆ ಹೊಕ್ಕು ‘ಸೆಕ್ಯೂರ್ ಬೂಟ್’ ಆಫ್ ಮಾಡಿದರು. ತಕ್ಷಣ ನೀಲಿ ಪರದೆ ಬಂದು ಬಿಟ್‌ಲಾಕರ್‌ನ 48 ಅಂಕಿಯ ಕೀ ಕೇಳಿತು. ಒಳಗಿನ ಕಡತಗಳಿಗೆ ಹಾಕಿದ ಬೀಗ ಅದು. ಬಯಾಸ್ ಕೆದಕಿದವರನ್ನು ನಂಬುವುದಿಲ್ಲ. ಫೋನು ಕಳ್ಳರನ್ನು ಒಳಗೆ ಬಿಟ್ಟುಕೊಂಡಿತ್ತು, ಲ್ಯಾಪ್‌ಟಾಪು ಭಾವನನ್ನು ಹೊರಗೆ ನಿಲ್ಲಿಸಿತು.

ಆ ಲ್ಯಾಪ್‌ಟಾಪ್ ಮೊದಲು ಭಾವನ ಮಗನದು. ಕೀ ಇದ್ದದ್ದೂ ಅವನ ಮೈಕ್ರೋಸಾಫ್ಟ್ ಖಾತೆಯಲ್ಲಿ. ಬೆಂಗಳೂರಿಗೆ ಫೋನ್ ಹೋಯಿತು.

“ಅಪ್ಪಾ, ಬಯಾಸ್ ಮುಟ್ಟಿದ್ರಾ?”

“ಏನೂ ಮುಟ್ಟಿಲ್ಲ ಕಣೋ.”

“ಏನೂ ಮುಟ್ಟದೆ ಹೀಗಾಗಲ್ಲ.”

ನನಗೆ ಪರಮಾನಂದ. ಹುಡುಗ ಅಂಕಿ ಹೇಳುತ್ತ ಹೋದ, ಭಾವ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡರು. “ಐದೋ ಒಂಬತ್ತೋ? ಇನ್ನೊಂದ್ಸಲ ಹೇಳು.” ನಡುವೆ ಊಟ ಆಯ್ತಾ, ಆಫೀಸಿಗೆ ಬಸ್ಸಾ ಮೆಟ್ರೋನಾ, ದೀಪಾವಳಿಗೆ ರಜ ಇದೆಯಾ. ಹಾಳೆಯ ಮೇಲೆ ಐದು ಆಗಲೇ ಸರಿಯಾಗಿ ಬಿದ್ದಿತ್ತು. ದಿನಾ ಎರಡು ನಿಮಿಷಕ್ಕೆ ‘ಮೀಟಿಂಗ್ ಇದೆ’ ಎಂದು ಇಡುವ ಮಗ, 48 ಅಂಕಿ ಮುಗಿಯುವ ತನಕ ಕದಲುವಂತಿರಲಿಲ್ಲ. ನಾನು ನಗು ನುಂಗಿಕೊಂಡೆ.

ಲ್ಯಾಪ್‌ಟಾಪ್ ತೆರೆಯಿತು. ಭಾವ ಹೊಸ ಪಾಸ್‌ವರ್ಡ್ ಇಟ್ಟು, “ಇದನ್ನ ಯಾರಿಗೂ ಹೇಳ್ಬೇಡಿ ಮಾವ” ಎಂದು ಬುದ್ಧಿ ಹೇಳಿದರು. ಮಾವನಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಜಗಲಿಯಲ್ಲಿ ನಿಂತು ಒಂದೊಂದೇ ಅಕ್ಷರ ಬಿಡಿಸಿ ಕೂಗಿದರು. ಎದುರು ಮನೆಯಾಕೆ ಗೇಟಿಗೆ ಬಂದು ಕೇಳಿದರು: “ಕೊನೇಗೆ ಎರಡೋ ಮೂರೋ?”